ಬ್ಲೂಟೂತ್ ಒಬಿಡಿ ಸ್ಕ್ಯಾನರ್: ವರ್ಷಗಳ ಬಳಕೆಯ ನಂತರ

ಒಬಿಡಿ ಅಂದರೆ ಕಾರು ತನ್ನ ದೋಷಗಳನ್ನು ತಾನೇ ಪತ್ತೆಹಚ್ಚುವ ವ್ಯವಸ್ಥೆ. ಅದನ್ನು ಓದುವ, ಇಎಲ್‌ಎಂ327 ಎಂಬ ಚಿಪ್ ಬಗೆಯ ಪುಟ್ಟ ಅಡಾಪ್ಟರ್ ಇದು. ಸ್ಟೀರಿಂಗ್ ಕೆಳಗಿರುವ 16 ಪಿನ್‌ನ ಸಾಕೆಟ್‌ಗೆ ಚುಚ್ಚಿ, ಮೊಬೈಲ್ ಆ್ಯಪ್‌ಗೆ ಜೋಡಿಸಿದರೆ ಸಾಕು. ಚೆಕ್ ಇಂಜಿನ್ ಲೈಟ್ ಯಾಕೆ ಹೊತ್ತಿದೆ ಅಂತ ಕೋಡ್ ಬರುತ್ತದೆ. ಹೆಚ್ಚಿನವರು ಇದನ್ನು ಕೊಳ್ಳುವುದು ಅಷ್ಟಕ್ಕೇ. ಆದರೆ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಗಾಡಿ ಓಡುತ್ತಿರುವಾಗಲೇ ಕಾಣುವ ಲೈವ್ ಡೇಟಾ.

ನನ್ನ ಪೆಟ್ರೋಲ್ ಕಾರಿನ ಮೈಲೇಜ್ ನಿಧಾನವಾಗಿ ಇಳಿಯುತ್ತಾ ಬಂದಿತ್ತು. ಟೈರ್ ಗಾಳಿ, ಏರ್ ಫಿಲ್ಟರ್ ಎರಡೂ ಸರಿಯಾಗಿದ್ದವು. ಆಮೇಲೆ ಲೈಟ್ ಹೊತ್ತಿತು. ಕೋಡ್ ಪಿ0128. ಅಂದರೆ, ಇಂಜಿನ್ ತಂಪಾಗಿಸುವ ದ್ರವ, ಅಂದರೆ ಕೂಲಂಟ್, ಬಿಸಿಯಾಗಬೇಕಾದಷ್ಟು ಬಿಸಿಯಾಗುತ್ತಿಲ್ಲ. ಕೂಲಂಟ್ ರೇಡಿಯೇಟರ್‌ಗೆ ಹರಿಯುವುದನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಕೆಟ್ಟಿರಬಹುದು, ಕೂಲಂಟ್ ಕಡಿಮೆ ಇರಬಹುದು, ಸೆನ್ಸರ್ ತಪ್ಪು ಹೇಳುತ್ತಿರಬಹುದು. ಯಾವುದು ಅಂತ ಕೋಡ್ ಹೇಳುವುದಿಲ್ಲ.

ಕೂಲಂಟ್ ಮಟ್ಟ ಸರಿ ಇತ್ತು. ರಾತ್ರಿಯಿಡೀ ನಿಂತಿದ್ದ ಗಾಡಿಯಲ್ಲಿ, ಸ್ಟಾರ್ಟ್ ಮಾಡುವ ಮುಂಚೆ ಕೂಲಂಟ್ ಸೆನ್ಸರ್ ಮತ್ತು ಒಳಬರುವ ಗಾಳಿಯ ಸೆನ್ಸರ್ ಹೆಚ್ಚುಕಡಿಮೆ ಒಂದೇ ಉಷ್ಣತೆ ತೋರಿಸಬೇಕು. ತೋರಿಸಿದವು. ಹಾಗಾಗಿ ಸೆನ್ಸರ್ ಮೇಲಿನ ಅನುಮಾನ ಬಹುಮಟ್ಟಿಗೆ ಹೋಯಿತು. ಆಮೇಲೆ ಹೈವೇಗೆ ಹೋದೆ. ಸುಮಾರು 90 ಡಿಗ್ರಿ ಇರಬೇಕಾದ ಕೂಲಂಟ್ 70ರ ಆಸುಪಾಸಿನಲ್ಲೇ ಇತ್ತು. ಟ್ರಾಫಿಕ್‌ನಲ್ಲಿ ನಿಂತರೆ ಏರುತ್ತಿತ್ತು, ವೇಗ ಹಿಡಿದರೆ ಮತ್ತೆ ಇಳಿಯುತ್ತಿತ್ತು. ಥರ್ಮೋಸ್ಟಾಟ್ ಮುಚ್ಚಿಕೊಳ್ಳದೆ ತೆರೆದೇ ಉಳಿದಾಗ ಹೀಗೇ ಆಗುತ್ತದೆ. ಡ್ಯಾಶ್‌ಬೋರ್ಡ್‌ನ ಮುಳ್ಳು ಮಾತ್ರ ಅಷ್ಟೂ ಹೊತ್ತು ನಡುವಿನಲ್ಲೇ ನಿಂತಿತ್ತು! ಸಣ್ಣ ಏರಿಳಿತ ಕಾಣದ ಹಾಗೆ ಎಷ್ಟೋ ಕಾರುಗಳಲ್ಲಿ ಅದನ್ನು ಹೊಂದಿಸಿರುತ್ತಾರೆ.

ಇಂಜಿನ್ ಇನ್ನೂ ತಣ್ಣಗಿದೆ ಅಂತ ಕಾರಿನ ಕಂಪ್ಯೂಟರ್‌ಗೆ ಅನ್ನಿಸಿದರೆ ಅದು ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಆಯಿಲ್ ಕೂಡ ದಪ್ಪವಾಗಿಯೇ ಇದ್ದು ತಿರುಗುವುದಕ್ಕೆ ತಡೆ ಹೆಚ್ಚುತ್ತದೆ. ಮೈಲೇಜ್ ಬಿದ್ದಿದ್ದು ಇದರಿಂದಲೇ. ಆಕ್ಸಿಜನ್ ಸೆನ್ಸರ್ ಹೇಳಿದಂತೆ ಕಂಪ್ಯೂಟರ್ ಪೆಟ್ರೋಲ್ ಪ್ರಮಾಣದಲ್ಲಿ ಮಾಡುವ ತಿದ್ದುಪಡಿ, ಅಂದರೆ ಫ್ಯೂಯಲ್ ಟ್ರಿಮ್, ಸೊನ್ನೆಯ ಹತ್ತಿರವೇ ಇತ್ತು, ಆದ್ದರಿಂದ ಆಕ್ಸಿಜನ್ ಸೆನ್ಸರ್ ಬದಲಾಯಿಸುವ ಮಾತೇ ಬರಲಿಲ್ಲ. ಥರ್ಮೋಸ್ಟಾಟ್ ಹೊಸದು ಹಾಕಿಸಿದ ಮೇಲೆ ಕೂಲಂಟ್ 90ಕ್ಕೆ ಬಂತು, ಮೈಲೇಜ್ ಕೂಡ ಹಳೇ ಮಟ್ಟಕ್ಕೆ ಮರಳಿತು.

ಕೊರತೆಗಳೂ ಇವೆ. ನನ್ನದು ಎಬಿಎಸ್, ಏರ್‌ಬ್ಯಾಗ್ ಕೋಡ್‌ಗಳನ್ನು ಓದುವುದಿಲ್ಲ. ಒಟ್ಟಿಗೆ ಜಾಸ್ತಿ ಅಂಕಿ ಕೇಳಿದರೆ ನಿಧಾನವಾಗುತ್ತದೆ. ಆ್ಯಪ್ ತೋರಿಸುವ ಮೈಲೇಜ್ ಬರೀ ಅಂದಾಜು. ಟ್ಯಾಂಕ್ ಫುಲ್ ಮಾಡಿಸಿ, ಮತ್ತೆ ಫುಲ್ ಮಾಡಿಸಿ ಲೆಕ್ಕ ಹಾಕುವುದೇ ಸರಿ. ಗಾಡಿ ನಿಲ್ಲಿಸಿದಾಗಲೂ ಅಡಾಪ್ಟರ್‌ಗೆ ಕರೆಂಟ್ ಹೋಗುತ್ತಲೇ ಇರುತ್ತದೆ. ದಿನಗಟ್ಟಲೆ ಓಡಿಸದಿದ್ದರೆ ಬ್ಯಾಟರಿ ಇಳಿಯುತ್ತದೆ, ಕಿತ್ತಿಡಿ.

ಕೋಡ್ ಅಳಿಸುವ ಬಟನ್ ಬಗ್ಗೆ ಸ್ವಲ್ಪ ಹುಷಾರಾಗಿರಿ. ಸುಮ್ನೆ ಒತ್ತಿದರೆ ಲೈಟ್ ಆರುತ್ತದೆ, ಆದರೆ ದೋಷ ಕಂಡ ಕ್ಷಣದ ವೇಗ, ಉಷ್ಣತೆ, ಲೋಡ್ ಎಲ್ಲ ದಾಖಲಾಗಿರುವ ಫ್ರೀಜ್ ಫ್ರೇಮ್ ಕೂಡ ಅಳಿಸಿಹೋಗುತ್ತದೆ. ಮೊದಲು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಲೈಟ್ ಮಿಟುಕುತ್ತಿದ್ದರೆ ಸ್ಕ್ಯಾನರ್ ಹುಡುಕಲು ಹೋಗಬೇಡಿ, ಸುರಕ್ಷಿತ ಜಾಗ ನೋಡಿ ಗಾಡಿ ನಿಲ್ಲಿಸಿ. ಸಾಮಾನ್ಯವಾಗಿ ಅದು ಮಿಸ್‌ಫೈರ್, ಅಂದರೆ ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಉರಿಯದ ಪೆಟ್ರೋಲ್, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನೇ ಸುಟ್ಟುಹಾಕಬಹುದು.

ಹಳೇ ಪೆಟ್ರೋಲ್ ಕಾರು ಇಟ್ಟುಕೊಂಡವರಿಗೆ ಧೈರ್ಯವಾಗಿ ಹೇಳುತ್ತೇನೆ, ತೆಗೆದುಕೊಳ್ಳಿ. ಐಫೋನ್ ಇರುವವರು ಮಾತ್ರ ತಮ್ಮ ಫೋನ್‌ಗೆ ಹೊಂದುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಹಳೇ ಬಗೆಯ ಬ್ಲೂಟೂತ್ ಅಡಾಪ್ಟರ್‌ಗಳು ಅದಕ್ಕೆ ಸಾಮಾನ್ಯವಾಗಿ ಜೋಡಿಯಾಗುವುದಿಲ್ಲ, ವೈಫೈ ಮಾದರಿ ಬೇಕಾಗಬಹುದು.