ಪೈಥಾನ್ ಒಳಗೆ ಸಿ: ಲಿಬ್‌ಟಿಸಿಸಿಯೋ, ಜಿಸಿಸಿಯೋ, ಸಿಎಫ್‌ಎಫ್‌ಐಯೋ?

ಗಂಗಾವತಿ, ಸಿಂಧನೂರು ಕಡೆ ಭತ್ತದ ಲೆಕ್ಕ 75 ಕೆಜಿ ಚೀಲದ ಮೇಲೆ. ಬೆಂಬಲ ಬೆಲೆಯ ಖರೀದಿಗೆ ತೇವಾಂಶದ ಮಿತಿ ಶೇ 17. ತೇವ 20 ಬಂದರೆ ಒಣ ಅಂಶ 80, ಮಿತಿಯಲ್ಲಿದ್ದರೆ 83. ಹಾಗಾಗಿ ಲೆಕ್ಕಕ್ಕೆ ಹಿಡಿಯುವ ಚೀಲದ ತೂಕ 75×80÷83, ಅಂದರೆ 72.29 ಕೆಜಿಗೆ ಇಳಿಯುತ್ತದೆ. ಇಷ್ಟೇ ಆಗಿದ್ದರೆ ಪೈಥಾನ್ ಸಾಕಿತ್ತು. ಆದರೆ ಮಿಲ್ಲಿಗೊಂದು ಕಡಿತ, ಕಸ-ಜೊಳ್ಳಿಗೆ ಇನ್ನೊಂದು. ಸೂತ್ರ ದಿನಕ್ಕೊಂದು ಸಲ ಬದಲಾಗಿ ಲಕ್ಷಗಟ್ಟಲೆ ಸಾಲಿನ ಮೇಲೆ ಓಡಬೇಕು ಅಂದಾಗ ಅದನ್ನು ಸಿ ಭಾಷೆಯ ಫಂಕ್ಷನ್ ಮಾಡಿ ಅಲ್ಲೇ ಕಂಪೈಲ್ ಮಾಡುವುದು (ಯಂತ್ರ ನೇರ ಓಡಿಸುವ ಕೋಡ್ ಆಗಿಸುವುದು) ಲೇಸು. ಲಿನಕ್ಸ್ ಮೇಲೆ ಇದೇ ಸೂತ್ರವನ್ನು ಮೂರು ದಾರಿಯಲ್ಲಿ ಓಡಿಸಿ ನೋಡಿದ್ದು ಹೀಗಿದೆ.

ಮೊದಲನೆಯದು ಫ್ಯಾಬ್ರಿಸ್ ಬೆಲ್ಲಾರ್ ಅವರ ಟೈನಿ ಸಿ ಕಂಪೈಲರ್, ಅದರ ಲೈಬ್ರರಿ ರೂಪ ಲಿಬ್‌ಟಿಸಿಸಿ. ಡಿಸ್ಕ್ ಮೇಲೆ ಫೈಲ್ ಹುಟ್ಟುವುದೇ ಇಲ್ಲ. ಕೋಡ್ ನೇರ ಮೆಮೊರಿಗೆ ಇಳಿಯುತ್ತದೆ. ಸೂತ್ರ ಒತ್ತಿದ ಕೂಡಲೇ ಉತ್ತರ. ಪೈಥಾನ್‌ಗೆ ಬೇಕಾದ ಶೇರ್ಡ್ ಲೈಬ್ರರಿ (ಓಡುವಾಗ ತೆರೆದು ಬಳಸುವ ಫೈಲ್) ಸಿಗಬೇಕಾದರೆ ಕಾನ್ಫಿಗರ್ ಮಾಡುವಾಗ ಡಿಸೇಬಲ್-ಸ್ಟ್ಯಾಟಿಕ್ ಆಯ್ಕೆ ಕೊಡಿ. ಕರೆಯುವ ಕ್ರಮ: ಸ್ಟೇಟ್ ತೆರೆ, ಲೈಬ್ರರಿ ಪಾತ್ ಕೊಡು, ಔಟ್‌ಪುಟ್ ಮೆಮೊರಿಗೆ ಎಂದು ಹೇಳು, ಆಮೇಲಷ್ಟೇ ಕಂಪೈಲ್, ರಿಲೊಕೇಟ್ (ಕೋಡನ್ನು ಮೆಮೊರಿಯಲ್ಲಿ ಕೂರಿಸು), ಸಿಂಬಲ್ (ಫಂಕ್ಷನ್‌ನ ವಿಳಾಸ) ಹುಡುಕು. ಪಾತ್ ತಪ್ಪಿದರೆ ಅದರ ಸಹಾಯಕ ಲೈಬ್ರರಿ ಲಿಬ್‌ಟಿಸಿಸಿ1 ಸಿಗಲಿಲ್ಲ ಎಂಬ ದೂರು ಬರುತ್ತದೆ.

ಎಡವುವುದೆಲ್ಲ ಸಿಟೈಪ್ಸ್ (ಪೈಥಾನ್‌ನಿಂದ ಸಿ ಫಂಕ್ಷನ್ ಕರೆಯುವ ಮಾಡ್ಯೂಲ್) ಹತ್ತಿರವೇ. ರೆಸ್‌ಟೈಪ್ (ಫಂಕ್ಷನ್ ಮರಳಿಸುವ ಉತ್ತರದ ಬಗೆ) ಹೇಳದಿದ್ದರೆ ಅದು ಮರಳಿ ಬರುವ ಎಲ್ಲವನ್ನೂ ಇಂಟ್, ಅಂದರೆ ಪೂರ್ಣಾಂಕ, ಎಂದು ತಿಳಿಯುತ್ತದೆ. 64 ಬಿಟ್ ಪಾಯಿಂಟರ್ (ಮೆಮೊರಿ ವಿಳಾಸ) ಅರ್ಧಕ್ಕೆ ಕತ್ತರಿಸಿ ಸೆಗ್ಮೆಂಟೇಶನ್ ಫಾಲ್ಟ್, ಅಂದರೆ ಪ್ರೋಗ್ರಾಂ ಕುಸಿತ. ಆರ್ಗ್‌ಟೈಪ್ಸ್ (ಕಳಿಸುವ ಮೌಲ್ಯಗಳ ಬಗೆ) ಕೊಡದೆ ಸಾದಾ ಸ್ಟ್ರಿಂಗ್ ಕಳಿಸಿದರೆ ಅದು ಅಗಲ ಅಕ್ಷರಗಳಾಗಿ ಹೋಗಿ ಕಂಪೈಲರ್‌ಗೆ ಮೊದಲ ಅಕ್ಷರವಷ್ಟೇ ಕಾಣುತ್ತದೆ. ಬೈಟ್ಸ್ ಆಗಿಯೇ ಕಳಿಸಬೇಕು. ಕೋಡಿನೊಳಗೆ ಕನ್ನಡದ ಟಿಪ್ಪಣಿ ಬೇಕಿದ್ದರೆ ಯುಟಿಎಫ್-8ಗೆ ಎನ್‌ಕೋಡ್ ಮಾಡಿ. ಬೈಟ್ಸ್ ಲಿಟರಲ್‌ನಲ್ಲಿ ನೇರ ಬರೆದರೆ ಪೈಥಾನ್ ಒಪ್ಪುವುದಿಲ್ಲ. ಸ್ಟೇಟ್ ಅಳಿಸಿದ ಮೇಲೆ ಫಂಕ್ಷನ್ ಕರೆದರೂ ಕುಸಿತವೇ, ಏಕೆಂದರೆ ಕೋಡ್ ಇದ್ದ ಜಾಗವೇ ಹೋಗಿರುತ್ತದೆ. ದೋಷ ತಿಳಿಸುವ ಕಾಲ್‌ಬ್ಯಾಕ್ ಅನ್ನು ವೇರಿಯಬಲ್‌ನಲ್ಲಿ ಹಿಡಿದಿಡಿ, ಇಲ್ಲವಾದರೆ ಬಳಕೆಯಲ್ಲಿಲ್ಲದ್ದನ್ನು ಅಳಿಸುವ ಗಾರ್ಬೇಜ್ ಕಲೆಕ್ಟರ್ ಅದನ್ನೂ ಒಯ್ಯುತ್ತದೆ. 0.9.27 ಆವೃತ್ತಿಯಲ್ಲಿ ಎರಡು ಥ್ರೆಡ್‌ಗಳಿಂದ ಏಕಕಾಲಕ್ಕೆ ಕಂಪೈಲ್ ಮಾಡಬೇಡಿ.

ಇದರ ಕೊರತೆ ವೇಗ. ಟಿಸಿಸಿ ಆಪ್ಟಿಮೈಸ್ ಮಾಡುವುದು ಹೆಸರಿಗೆ ಮಾತ್ರ. ಲೂಪ್ ವೆಕ್ಟರೈಸ್ (ಹಲವು ಅಂಕಿಗೆ ಒಮ್ಮೆಗೇ ಲೆಕ್ಕ) ಆಗುವುದಿಲ್ಲ, ಲೋಕಲ್ ವೇರಿಯಬಲ್‌ಗಳು ಮೆಮೊರಿಯ ಸ್ಟ್ಯಾಕ್‌ಗೆ ಹೋಗಿ ಬರುತ್ತಲೇ ಇರುತ್ತವೆ.

ಅಲ್ಲಿ ಗೆಲ್ಲುವುದು ಎರಡನೆಯ ದಾರಿ, ಗ್ನೂ ಕಂಪೈಲರ್ ಜಿಸಿಸಿ. ಸಬ್‌ಪ್ರೊಸೆಸ್‌ನಿಂದ ಶೇರ್ಡ್, ಪಿಐಸಿ (ಮೆಮೊರಿಯಲ್ಲಿ ಎಲ್ಲಿದ್ದರೂ ಓಡುವ ಕೋಡ್), ಓ2 (ವೇಗದ ಮಟ್ಟ) ಆಯ್ಕೆ ಕೊಟ್ಟು ಎಸ್‌ಒ ಫೈಲ್, ಅಂದರೆ ಶೇರ್ಡ್ ಲೈಬ್ರರಿ, ಮಾಡಿ ಸಿಟೈಪ್ಸ್‌ನಲ್ಲಿ ತೆರೆಯುವುದು. ಕಂಪೈಲ್ ಹೊತ್ತು ಹಿಡಿಯುತ್ತದೆ, ಓಟ ಚುರುಕು. ಫೈಲಿನ ಹೆಸರಿಗೆ ಸೂತ್ರದ ಹ್ಯಾಶ್ (ಸೂತ್ರದಿಂದ ಹುಟ್ಟುವ ಗುರುತು) ಸೇರಿಸಲೇಬೇಕು: ಅದೇ ಹೆಸರಲ್ಲಿ ಮತ್ತೆ ಕಂಪೈಲ್ ಮಾಡಿದರೆ ಓಡುತ್ತಿರುವ ಪ್ರೋಗ್ರಾಂ ಹಳೆಯದನ್ನೇ ಹಿಡಿದಿರುತ್ತದೆ, ಸೂತ್ರ ಬದಲಿಸಿದರೂ ತೂಕ ಬದಲಾಗುವುದಿಲ್ಲ. ಇದೇ ಪ್ರೊಸೆಸರಿಗೆ ತಕ್ಕ ಕೋಡ್ ಮಾಡುವ ಮಾರ್ಚ್-ನೇಟಿವ್ ಆಯ್ಕೆಯಿಂದ ಹೊಸ ಲ್ಯಾಪ್‌ಟಾಪ್‌ನಲ್ಲಿ ಮಾಡಿದ ಫೈಲು ವೇಬ್ರಿಡ್ಜ್ ಕೋಣೆಯ ಹಳೆಯ ಕಂಪ್ಯೂಟರಿನಲ್ಲಿ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ನಿಲ್ಲಬಹುದು.

ಮೂರನೆಯದು ಸಿಎಫ್‌ಎಫ್‌ಐ, ಸಿ ಕೋಡನ್ನು ಪೈಥಾನ್‌ಗೆ ಜೋಡಿಸುವ ಲೈಬ್ರರಿ. ಅದರ ಎಪಿಐ ವಿಧಾನ (ಜೋಡಣೆಯನ್ನೂ ಸಿ ಕಂಪೈಲರ್‌ನಿಂದಲೇ ಮಾಡಿಸುವುದು) ಶಿಸ್ತಿನದು. ಡಿಕ್ಲರೇಶನ್ ಕೊಟ್ಟರೆ ಟೈಪ್‌ಗಳನ್ನು ಅದೇ ನೋಡಿಕೊಳ್ಳುತ್ತದೆ, ಮೇಲಿನ ಪಾಯಿಂಟರ್ ಕಾಟ ಇಲ್ಲ. ಆದರೆ ಜಿಸಿಸಿ ಜೊತೆ ಪೈಥಾನ್ ಹೆಡರ್‌ಗಳೂ ಬೇಕು, ಪೈಥಾನ್ 3.12ರಿಂದ ಕಟ್ಟುವ ಸಾಧನ ಡಿಸ್ಟ್‌ಯುಟಿಲ್ಸ್ ಇಲ್ಲವಾದ್ದರಿಂದ ಸೆಟಪ್‌ಟೂಲ್ಸ್ ಸಹ. ದಿನಕ್ಕೊಂದು ಸೂತ್ರಕ್ಕೆ ಇದು ಭಾರ. ತಿಂಗಳುಗಟ್ಟಲೆ ಬದಲಾಗದ ಕೋಡಿಗೆ ಇದೇ ಮೇಲು.

ಮೂರಕ್ಕೂ ಅನ್ವಯಿಸುವ ಎರಡು ಮಾತು. ತೇವವನ್ನು ಇಂಟ್ ಆಗಿ ಕೊಟ್ಟು 80/83 ಬರೆದರೆ ಸಿ ಉತ್ತರ ಸೊನ್ನೆ, ಇಡೀ ಲೋಡಿನ ತೂಕವೂ ಸೊನ್ನೆ, 83.0 ಬರೆಯಿರಿ. ನಂಪೈ (ಪೈಥಾನ್‌ನ ಅಂಕಿ ಲೈಬ್ರರಿ) ಅರೇಯ ಪಾಯಿಂಟರ್ ನೇರ ಕಳಿಸುವಾಗ ಅದು 32 ಬಿಟ್‌ನ ಫ್ಲೋಟ್32 ಇದ್ದು ಸಿ ಕಡೆ 64 ಬಿಟ್‌ನ ಡಬಲ್ ಇದ್ದರೆ ದೋಷ ತೋರಿಸದೆ ಕಸ ಅಂಕಿ ಬರುತ್ತದೆ.

ಮಿಲ್ಲಿನ ಪರದೆಗೆ ನಮ್ಮ ಆಯ್ಕೆ ಲಿಬ್‌ಟಿಸಿಸಿ, ಹಂಗಾಮಿನ ಕೊನೆಯ ಇಡೀ ಲೆಕ್ಕಕ್ಕೆ ಜಿಸಿಸಿ. ಬಳಕೆದಾರ ಬರೆದ ಸೂತ್ರವನ್ನು ಅಂಕಿ, ಆವರಣ, ನಾಲ್ಕು ಚಿಹ್ನೆ, ಗೊತ್ತಿರುವ ಹೆಸರು ಬಿಟ್ಟು ಬೇರೇನೂ ಇಲ್ಲವೆಂದು ಸೋಸದೆ ಎರಡರಲ್ಲಿ ಯಾವುದಕ್ಕೂ ಕೊಡಬಾರದು: ಸಿ ಕೈಗೆ ಸಿಕ್ಕಿದರೆ ಇಡೀ ಕಂಪ್ಯೂಟರ್ ಸಿಕ್ಕಂತೆ.