ಇಂಗ್ಲೆಂಡಿನ ವಿದ್ಯಾರ್ಥಿ ಸಂಘ: ಮೂರನೆಯ ಮಹಡಿಯ ಸಲಹಾ ಕೇಂದ್ರಕ್ಕಾಗಿ ನಾಲ್ಕು ನಕ್ಷತ್ರ

ಉತ್ತರ ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಒಂದು ವರ್ಷದ ಎಂ.ಎಸ್ಸಿ. ಮುಗಿಸಿಕೊಂಡು ಬಂದವನು ನಾನು. ಅಲ್ಲಿಗೆ ಹೊರಟವರು ಮನೆ ಬಾಡಿಗೆ, ಬಸ್ ಪಾಸ್, ಪಾರ್ಟ್‌ಟೈಮ್ ಕೆಲಸಗಳನ್ನು ವಿಚಾರಿಸುತ್ತಾರೆಯೇ ಹೊರತು ವಿದ್ಯಾರ್ಥಿ ಸಂಘದ ಬಗ್ಗೆ ಯಾರೂ ಕೇಳುವುದಿಲ್ಲ. ಕರ್ನಾಟಕದ ಕಾಲೇಜುಗಳಲ್ಲಿ ಸಂಘದ ಚುನಾವಣೆಗೆ ನಿಷೇಧ ಬಿದ್ದ ಮೇಲೆ ಓದಿದ ನಮಗೆ ಸಂಘವೆಂದರೆ ಒಂದೋ ಬಂದ್ ದಿನದ ಘೋಷಣೆ, ಇಲ್ಲವೇ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗುವ ಒಂದು ಹೆಸರು. ಹಾಗಾಗಿ ಕೇಳದಿರುವುದು ಸಹಜವೇ.

ಅಲ್ಲಿ ಪ್ರವೇಶ ಪಡೆದವರೆಲ್ಲ ತಂತಾನೇ ಸಂಘದ ಸದಸ್ಯರಾಗುತ್ತಾರೆ. ಬೇಡವೆಂದರೆ ಹೊರಗುಳಿಯುವ ಹಕ್ಕನ್ನು 1994ರ ಶಿಕ್ಷಣ ಕಾಯ್ದೆ ಕೊಟ್ಟಿದೆ. ನನ್ನ ವಿಶ್ವವಿದ್ಯಾಲಯದಲ್ಲಿ ಸಂಘದ ಖರ್ಚಿನ ದೊಡ್ಡ ಪಾಲನ್ನು ವಿಶ್ವವಿದ್ಯಾಲಯವೇ ಅನುದಾನವಾಗಿ ಕೊಡುತ್ತಿದ್ದರೂ ಕಾನೂನಿನ ದೃಷ್ಟಿಯಲ್ಲಿ ಸಂಘವು ಪ್ರತ್ಯೇಕ ದತ್ತಿ ಸಂಸ್ಥೆಯಾಗಿತ್ತು. ಈ ಪ್ರತ್ಯೇಕತೆಯ ಬೆಲೆ ನನಗೆ ತಿಳಿದದ್ದು ಎರಡನೆಯ ಸೆಮಿಸ್ಟರಿನಲ್ಲಿ.

ದಾವಣಗೆರೆಯ ಗೆಳೆಯನೊಬ್ಬನೊಂದಿಗೆ ಕುಳಿತು ಮಾಡಿದ ಅಸೈನ್‌ಮೆಂಟಿನಲ್ಲಿ ನಮ್ಮಿಬ್ಬರ ಎರಡು ಪ್ಯಾರಾಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು. ವಿಚಾರಣೆಗೆ ಹಾಜರಾಗಬೇಕೆಂದು ವಿಭಾಗದಿಂದ ಇ-ಮೇಲ್ ಬಂತು. ಗಾಬರಿಯಲ್ಲಿ ನಾನು ಮೂರು ಪುಟದ ವಿವರಣೆ ಬರೆದೆ. ಊರಿನಲ್ಲಿ ಪ್ರಾಂಶುಪಾಲರಿಗೆ ಅರ್ಜಿ ಬರೆದ ಅಭ್ಯಾಸದಂತೆ ಮೊದಲ ಅರ್ಧ ಪುಟ ವಿನಂತಿ, ಕೊನೆಯ ಅರ್ಧ ಪುಟ ಕ್ಷಮೆ, ನಡುವೆ ಅಪ್ಪನ ಸಾಲದ ವಿಚಾರ. ಸಂಘದ ಸಲಹಾ ಕೇಂದ್ರದ ಸಲಹೆಗಾರ್ತಿ ಅದನ್ನು ಎರಡು ಸಲ ಓದಿ, ಪೆನ್ಸಿಲಿನಿಂದ ಒಂದೊಂದೇ ಸಾಲು ಹೊಡೆದುಹಾಕುತ್ತಾ ಹೋದರು. ಉಳಿದದ್ದು ಒಂದೇ ಪುಟ: ಯಾವ ದಿನ ಏನು ನಡೆಯಿತು, ಅದಕ್ಕೆ ಯಾವ ಕರಡು ಸಾಕ್ಷಿ, ನಾನು ಒಪ್ಪಿಕೊಳ್ಳುವುದು ಎಷ್ಟು, ಒಪ್ಪದಿರುವುದು ಯಾವುದು. ಅಪ್ಪನ ಸಾಲವನ್ನು ಮಾತ್ರ ಹೊಡೆಯುವ ಮೊದಲು ನನ್ನ ಮುಖ ನೋಡಿದರು. ತಪ್ಪು ಇದ್ದೆಡೆ ತಪ್ಪು ಎಂದೇ ಹೇಳಿದರು. ವಿಚಾರಣೆಯ ದಿನ ಪಕ್ಕದಲ್ಲಿ ಬಂದು ಕುಳಿತರು. ನನ್ನ ಅಂಕ ಕಡಿತವಾಯಿತು, ಸೊನ್ನೆಯಾಗಲಿಲ್ಲ. ಇದಕ್ಕೆಲ್ಲ ಒಂದು ಪೆನ್ನಿಯೂ ಖರ್ಚಾಗಲಿಲ್ಲ. ಬಾಡಿಗೆಯ ಮುಂಗಡ ಹಿಂದಿರುಗಿಸದ ಮಾಲೀಕರಿಗೆ ಬರೆಯಬೇಕಾದ ಪತ್ರಕ್ಕೂ ಇದೇ ಕೇಂದ್ರ ನೆರವಾಗುತ್ತದೆ.

ಚುನಾವಣೆಯ ಬಗ್ಗೆಯೂ ಒಂದು ಮಾತು. ಗೆದ್ದ ಪ್ರಮುಖ ಪದಾಧಿಕಾರಿಗಳು ಓದಿಗೆ ಒಂದು ವರ್ಷ ವಿರಾಮ ಕೊಟ್ಟು, ಇಲ್ಲವೇ ಓದು ಮುಗಿಸಿ, ಸಂಬಳ ಪಡೆದು ಪೂರ್ಣಾವಧಿ ಕೆಲಸ ಮಾಡುತ್ತಾರೆ. ಅಂಥ ಹುದ್ದೆಯಲ್ಲಿ ಒಟ್ಟು ಎರಡು ವರ್ಷ ಮೀರುವಂತಿಲ್ಲ. ನನಗೆ ಮೆಚ್ಚುಗೆಯಾದದ್ದು ಮತಪತ್ರದ ಕೊನೆಯಲ್ಲಿದ್ದ 'ರಾನ್' ಎಂಬ ಆಯ್ಕೆ, ಅಂದರೆ ನಾಮಪತ್ರ ಸಲ್ಲಿಕೆಯನ್ನು ಮತ್ತೆ ಆರಂಭಿಸಿ ಎಂಬ ಮತ. ನಮ್ಮ ಲೋಕಸಭಾ ಚುನಾವಣೆಯ ನೋಟಾಕ್ಕೆ ಎಷ್ಟೇ ಮತ ಬಿದ್ದರೂ ಅಭ್ಯರ್ಥಿಗಳಲ್ಲಿ ಒಬ್ಬರು ಗೆದ್ದೇ ಗೆಲ್ಲುತ್ತಾರೆ. ಅಲ್ಲಿ ರಾನ್ ಗೆದ್ದರೆ ಆ ಹುದ್ದೆಗೆ ಮರುಚುನಾವಣೆ. ಆದರೆ ಪ್ರಚಾರದ ಭರವಸೆಗಳನ್ನು ನಂಬಿ ಕೂರಬೇಡಿ: ಗ್ರಂಥಾಲಯದ ಬಳಿ ಮೈಕ್ರೋವೇವ್ ಇಡಿಸುತ್ತೇವೆಂದವರು ಗೆದ್ದರು, ನಾನು ವಾಪಸ್ ಬರುವವರೆಗೂ ತಣ್ಣಗಿನ ಚಿತ್ರಾನ್ನವನ್ನೇ ತಿಂದೆ.

ಸಂಘದ ಅಂಗಡಿ ದುಬಾರಿ. ಹತ್ತು ನಿಮಿಷ ನಡೆದರೆ ಸೂಪರ್ ಮಾರ್ಕೆಟ್ ಸಿಗುತ್ತದೆ. ಬಾರ್ ಬಗ್ಗೆ ಕುಡಿಯುವವರನ್ನು ಕೇಳಿ. ಸೊಸೈಟಿಗಳು, ಅಂದರೆ ವಿದ್ಯಾರ್ಥಿಗಳ ಹವ್ಯಾಸದ ಗುಂಪುಗಳು, ನೂರಾರು ಇವೆ, ಆದರೆ ಸೆಪ್ಟೆಂಬರಿನ ಉತ್ಸಾಹದಲ್ಲಿ ಐದಕ್ಕೆ ಹಣ ಕಟ್ಟಿದ ನಾನು ಫೆಬ್ರವರಿಯ ನಂತರ ಹೋದದ್ದು ಬೆಟ್ಟ ಹತ್ತುವವರ ಗುಂಪಿಗೆ ಮಾತ್ರ.

ಐದನೆಯ ನಕ್ಷತ್ರವನ್ನು ತಡೆಹಿಡಿದದ್ದಕ್ಕೆ ಎರಡು ಕಾರಣಗಳಿವೆ. ಮೇ ತಿಂಗಳ ಪರೀಕ್ಷಾ ಸಮಯದಲ್ಲಿ, ಅಂದರೆ ಎಲ್ಲರಿಗೂ ತುರ್ತಿರುವಾಗಲೇ, ಸಲಹಾ ಕೇಂದ್ರದ ಅಪಾಯಿಂಟ್‌ಮೆಂಟಿಗೆ ಗೆಳೆಯನೊಬ್ಬ ಎಂಟು ದಿನ ಕಾಯಬೇಕಾಯಿತು. ವೀಸಾ ವಿಚಾರವನ್ನು ಅವರು ಮುಟ್ಟುವುದೇ ಇಲ್ಲ. ಅದಕ್ಕೆ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೇ ಹೋಗಬೇಕು. ಇನ್ನು, ಈ ಕೇಂದ್ರ ಇದ್ದದ್ದು ಬಾರ್ ಮತ್ತು ಅಂಗಡಿ ದಾಟಿ ಮೂರನೆಯ ಮಹಡಿಯ ಮೂಲೆಯಲ್ಲಿ, ಬಾಗಿಲಿಗೆ ಅಂಗೈಯಗಲದ ಬೋರ್ಡ್. ಹೋದ ಮೊದಲ ವಾರದಲ್ಲೇ ಒಮ್ಮೆ ಮೆಟ್ಟಿಲು ಹತ್ತಿ ಆ ಬಾಗಿಲನ್ನು ನೋಡಿಟ್ಟುಕೊಳ್ಳಿ.