ಗಾರ್ಡಸಿಲ್ 9: ಒಳಗೆ ಬರುವ ಮೊದಲೇ ತಡೆಯುವ ಲಸಿಕೆ

ಗಾರ್ಡಸಿಲ್ 9 ಲಸಿಕೆ ಎಷ್ಟು ಒಳ್ಳೆಯದು ಎಂದು ಹೇಳುವ ಮೊದಲು ಅದು ತಡೆಯುವ ಎಚ್‌ಪಿವಿ, ಅಂದರೆ ಗರ್ಭಕಂಠದ ಕ್ಯಾನ್ಸರ್ ತರಬಲ್ಲ, ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್, ನಮ್ಮ ಚರ್ಮದ ಕೋಶದೊಳಕ್ಕೆ ಹೇಗೆ ಸೇರುತ್ತದೆ ಎಂಬುದನ್ನು ನೋಡಬೇಕು. ಈ ಲಸಿಕೆಯ ಬಲವೂ ಮಿತಿಯೂ ಆ ದಾರಿಯಲ್ಲೇ ಇವೆ.

ಚರ್ಮ ಅಥವಾ ಒಳಪೊರೆ ಗಟ್ಟಿಯಾಗಿ ಮುಚ್ಚಿಕೊಂಡಿದ್ದರೆ ಈ ವೈರಸ್‌ಗೆ ಪ್ರವೇಶವಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ತರಚು ಗಾಯವಾದರೂ ಸಾಕು, ಮೇಲಿನ ಕೋಶಗಳು ಎದ್ದುಹೋಗಿ ಕೆಳಗಿನ ತಳಪೊರೆ ಬಯಲಾಗುತ್ತದೆ. ವೈರಸ್‌ನ ಕವಚ ಸುಮಾರು 55 ನ್ಯಾನೊಮೀಟರ್ ಅಗಲದ್ದು. ಎಲ್1 ಎಂಬ ಪ್ರೋಟೀನಿನ 360 ಪ್ರತಿಗಳು ಐದೈದಾಗಿ ಸೇರಿ, 72 ಗುಂಪುಗಳಾಗಿ ಅದನ್ನು ಕಟ್ಟಿರುತ್ತವೆ. ಈ ಎಲ್1 ತಳಪೊರೆಯ ಹೆಪರಾನ್ ಸಲ್ಫೇಟ್ ಎಂಬ ಸಕ್ಕರೆ ಸರಪಳಿಗಳನ್ನು ಹಿಡಿದುಕೊಳ್ಳುತ್ತದೆ. ಹಿಡಿತ ಸಿಕ್ಕಿದ ಮೇಲೆ ಕವಚದ ಆಕಾರ ಬದಲಾಗಿ, ಒಳಗಿದ್ದ ಎಲ್2 ಪ್ರೋಟೀನಿನ ಒಂದು ತುದಿ ಹೊರಬರುತ್ತದೆ. ಫ್ಯೂರಿನ್ ಎಂಬ ಕಿಣ್ವ ಆ ತುದಿಯನ್ನು ಕತ್ತರಿಸುತ್ತದೆ. ಅದಾದ ಮೇಲೆ, ಗಾಯ ಮುಚ್ಚಲು ಸರಿದು ಬರುವ ಕೆಳಪದರದ ಕೋಶಗಳಿಗೆ ವೈರಸ್ ದಾಟಿಕೊಳ್ಳುತ್ತದೆ. ಕೋಶ ಅದನ್ನು ಒಳಗೆ ಎಳೆದುಕೊಂಡರೂ ಅದರ ಡಿಎನ್‌ಎ ಕೋಶಕೇಂದ್ರ ಸೇರಬೇಕಾದರೆ ಆ ಕೋಶ ವಿಭಜನೆಯಾಗುವ ತನಕ ಕಾಯಬೇಕು. ಅಂಟಿಕೊಂಡು ಒಳಹೋಗುವುದಕ್ಕೇ ಗಂಟೆಗಟ್ಟಲೆ ಹಿಡಿಯುತ್ತದೆ. ವೈರಸ್‌ಗಳ ಲೆಕ್ಕದಲ್ಲಿ ಇದು ತೀರಾ ನಿಧಾನ.

ಲಸಿಕೆ ಗೆಲ್ಲುವುದು ಈ ನಿಧಾನದಲ್ಲೇ. ತರಚಿದ ಜಾಗಕ್ಕೆ ರಕ್ತದ ದ್ರವ ಒಸರುತ್ತದೆ, ಲಸಿಕೆಯಿಂದಾಗಿ ದೇಹ ಎಲ್1 ವಿರುದ್ಧ ತಯಾರಿಸಿಟ್ಟ ಪ್ರತಿಕಾಯಗಳೆಂಬ ರಕ್ಷಕ ಪ್ರೋಟೀನುಗಳೂ ಅದರ ಜೊತೆಗೆ ಬರುತ್ತವೆ. ಪ್ರತಿಕಾಯ ಹೇರಳವಾಗಿದ್ದರೆ ವೈರಸ್ ತಳಪೊರೆಗೇ ಅಂಟುವುದಿಲ್ಲ. ಕಡಿಮೆಯಿದ್ದರೆ ಅಂಟಿದರೂ ಅಲ್ಲಿಂದ ಕೋಶಕ್ಕೆ ದಾಟಲಾಗುವುದಿಲ್ಲ. ಎರಡು ಹಂತದ ಈ ತಡೆಯನ್ನು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ, ಮತ್ತು ನಮ್ಮ ಅಭಿಪ್ರಾಯದಲ್ಲಿ ಈ ಲಸಿಕೆಯ ಅತ್ಯಂತ ಸೊಗಸಾದ ಅಂಶ ಇದೇ.

0.5 ಮಿಲಿಲೀಟರಿನ ಒಂದು ಡೋಸಿನಲ್ಲಿ ಎಚ್‌ಪಿವಿಯ ಒಂಬತ್ತು ತಳಿಗಳ (ಇವನ್ನು ಸಂಖ್ಯೆಯಿಂದ ಗುರುತಿಸುತ್ತಾರೆ) ಎಲ್1 ಒಟ್ಟು 270 ಮೈಕ್ರೋಗ್ರಾಂ ಇದೆ. 16ನೇ ತಳಿಯದು 60, 11 ಮತ್ತು 18ರದು ತಲಾ 40, 6ರದು 30, ಉಳಿದ 31, 33, 45, 52, 58ರದು ತಲಾ 20. ಯೀಸ್ಟ್‌ನಲ್ಲಿ ತಯಾರಾದ ಈ ಪ್ರೋಟೀನು ತಾನಾಗಿಯೇ ಪೊಳ್ಳು ಕವಚವಾಗಿ ಕೂಡಿಕೊಳ್ಳುತ್ತದೆ. ಒಳಗೆ ವೈರಸ್‌ನ ಡಿಎನ್‌ಎ ಇಲ್ಲದ್ದರಿಂದ ಲಸಿಕೆಯಿಂದ ಸೋಂಕು ತಗಲುವ ಮಾತೇ ಇಲ್ಲ. ಯೀಸ್ಟ್‌ಗೆ ತೀವ್ರ ಅಲರ್ಜಿ ಇರುವವರು ಇದನ್ನು ಹಾಕಿಸಿಕೊಳ್ಳಬಾರದು. ಗರ್ಭಿಣಿಯರು ಹೆರಿಗೆಯಾಗುವ ತನಕ ಮುಂದೂಡಬೇಕು.

ಫ್ರಿಜ್‌ನಲ್ಲೂ ಇದು ಕೆಡಬಹುದು. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬೆಳಕು ತಾಗದಂತೆ ಇಡಬೇಕು. ಹಿಮಗಟ್ಟಿದರೆ ಎಲ್1 ಕಣಗಳನ್ನು ಹಿಡಿದಿಟ್ಟಿರುವ ಅಲ್ಯೂಮಿನಿಯಂ ಲವಣ ಗಂಟುಗಟ್ಟಿ ಲಸಿಕೆಯ ಶಕ್ತಿ ಕುಂದುತ್ತದೆ, ಕರಗಿಸಿದರೂ ಅದು ಮರಳಿ ಬರದು. ಅಂಥದ್ದನ್ನು ಎಸೆಯಲೇಬೇಕು. ನಿಲ್ಲಿಸಿಟ್ಟ ಸಿರಿಂಜ್‌ನಲ್ಲಿ ಮೇಲೆ ತಿಳಿನೀರು, ತಳದಲ್ಲಿ ಬಿಳಿ ಗಸಿ ಕಾಣುವುದು ಸಹಜ. ಚೆನ್ನಾಗಿ ಕುಲುಕಿದಾಗ ಇಡೀ ದ್ರವ ಒಂದೇ ಸಮನೆ ಬೆಳ್ಳಗೆ ಮೋಡವಾಗಬೇಕು. ಕುಲುಕದೆ ಕೊಟ್ಟರೆ ಮದ್ದಿನ ಒಂದು ಪಾಲು ಸಿರಿಂಜ್‌ನಲ್ಲೇ ಉಳಿದೀತು. ಕುಲುಕಿದ ಮೇಲೂ ಚೂರುಗಳು ತೇಲುತ್ತಿದ್ದರೆ ಚುಚ್ಚಬಾರದು.

ತೋಳಿನ ಮೇಲ್ಭಾಗದ ಸ್ನಾಯುವಿಗೆ ಚುಚ್ಚುತ್ತಾರೆ. ನೋವಂತೂ ಖಚಿತ ಎಂದುಕೊಳ್ಳಿ: ಪ್ರಯೋಗಗಳಲ್ಲಿ ಹತ್ತರಲ್ಲಿ ಒಂಬತ್ತು ಹೆಂಗಸರಿಗೆ ಚುಚ್ಚಿದ ಜಾಗ ನೋಯುತ್ತಿತ್ತು. ಊತವೂ ನಾಲ್ಕು ತಳಿಗಳ ಹಳೆಯ ಗಾರ್ಡಸಿಲ್‌ಗಿಂತ ಹೆಚ್ಚು. ಹದಿಹರೆಯದವರು ತಲೆಸುತ್ತಿ ಬೀಳುವುದುಂಟು, ಹಾಗಾಗಿ 15 ನಿಮಿಷ ಕೂರಿಸಿಯೇ ಕಳಿಸಬೇಕು.

9ರಿಂದ 14 ವರ್ಷದವರಿಗೆ 6ರಿಂದ 12 ತಿಂಗಳ ಅಂತರದಲ್ಲಿ ಎರಡು ಡೋಸ್. ಎರಡನೆಯದನ್ನು 5 ತಿಂಗಳಿಗೂ ಮೊದಲೇ ಕೊಟ್ಟುಬಿಟ್ಟಿದ್ದರೆ ಮೂರನೆಯದು ಬೇಕಾಗುತ್ತದೆ. 15 ತುಂಬಿದವರಿಗೆ 0, 2, 6ನೇ ತಿಂಗಳಲ್ಲಿ ಮೂರು. ಇದು ಲಸಿಕೆಯ ಜೊತೆ ಬರುವ ವೇಳಾಪಟ್ಟಿ. 9ರಿಂದ 20 ವರ್ಷದವರಿಗೆ ಒಂದೇ ಡೋಸ್ ಕೊಡುವ ಕ್ರಮವನ್ನೂ ವಿಶ್ವ ಆರೋಗ್ಯ ಸಂಸ್ಥೆ 2022ರ ಡಿಸೆಂಬರ್‌ನಲ್ಲಿ ಒಪ್ಪಿದೆ. ರೋಗನಿರೋಧಕ ಶಕ್ತಿ ಕುಂದಿದವರಿಗೆ ಮಾತ್ರ ಈ ಸಡಿಲಿಕೆ ಅನ್ವಯಿಸದು.

ಇನ್ನು ಕೊರತೆಗಳು. ಕೋಶದೊಳಗೆ ಆಗಲೇ ಸೇರಿಕೊಂಡ ವೈರಸ್‌ನ ಮುಂದೆ ಇದರದ್ದೇನೂ ನಡೆಯದು. ಸೋಂಕಿತ ಕೆಳಪದರದ ಕೋಶದ ಹೊರಮೈಯಲ್ಲಿ ಎಲ್1 ಇರುವುದೇ ಇಲ್ಲ, ಪ್ರತಿಕಾಯ ಹಿಡಿಯುವುದಾದರೂ ಏನನ್ನು? ಆದ್ದರಿಂದಲೇ ಲೈಂಗಿಕ ಸಂಪರ್ಕಕ್ಕೆ ಮೊದಲಿನ ವಯಸ್ಸಿನಲ್ಲಿ ಹಾಕಿಸಬೇಕೆಂದು ನಾವು ಒತ್ತಿ ಹೇಳುತ್ತೇವೆ. ಕೈಕಾಲಿನ ನರಹುಲಿ ತರುವ 1, 2, 4ನೇ ತಳಿಗಳು ಇದರಲ್ಲಿಲ್ಲ, ಅದಕ್ಕೆಂದು ಇದನ್ನು ಕೊಳ್ಳಬೇಡಿ. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 90ಕ್ಕೆ ಕಾರಣವಾದ ಏಳು ತಳಿಗಳು ಇದರಲ್ಲಿವೆ ನಿಜ, ಆದರೆ 35, 39, 51, 56, 59 ಹೊರಗುಳಿದಿವೆ. ಲಸಿಕೆ ಹಾಕಿಸಿಕೊಂಡವರೂ ಗರ್ಭಕಂಠದ ತಪಾಸಣೆಯನ್ನು ಬಿಡುವಂತಿಲ್ಲ.